ಪ್ರಸ್ರವಣಗಿರಿಯ ಗುಹೆಯೂ ಇಂದಿನ ಪ್ರವಾಸಕಥನವೂ

ಹಂಪೆಯ ಬಂಡೆಗಳನ್ನು ಕುರಿತು ಬರೆಯುವ ಈಚಿನ ಪ್ರವಾಸಲೇಖಕರಲ್ಲಿ ಒಂದು ವಾಡಿಕೆ ಬೆಳೆದಿದೆ. ಬಂಡೆಯನ್ನು ಕಂಡೊಡನೆ ಅವರಿಗೆ ಅಗ್ನಿಪರ್ವತದ ನೆನಪಾಗುವುದು. ಭೂಮಿಯು ಉಗುಳಿದ ಲಾವಾರಸವೇ ಹೆಪ್ಪುಗಟ್ಟಿ ಈ ಗುಡ್ಡಗಳಾದುವೆಂದು ಬರೆದು, ಅವುಗಳ ನಡುವೆ ಗುಡಾರ ಹೂಡಿ ಒಂದು ರಾತ್ರಿಯನ್ನು ಕಳೆಯಿರೆಂದು ವಾಚಕರನ್ನು ಕರೆಯುವರು. ಉಪಮೆಯಾಗಿದ್ದರೆ ಕ್ಷಮಿಸಬಹುದಿತ್ತು. ವಸ್ತುಸ್ಥಿತಿಯೆಂದೇ ಹೇಳುವುದರಿಂದ ಪರೀಕ್ಷೆಗೆ ಒಳಪಡಿಸಬೇಕಾಗಿದೆ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ಯನ್ನು ಪಡೆದ ಭಾಷೆಯಲ್ಲಿ ಹಂಪೆಯ ಪ್ರವಾಸಕಥನವು ಇಷ್ಟು ಅಗ್ಗವಾಗಬಾರದು.

ಹಂಪೆಯ ಕಲ್ಲು ಗ್ರಾನೈಟು. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ಕರಗಿದ್ದ ಶಿಲಾರಸವು ಆಳದಲ್ಲಿಯೇ ಮೆಲ್ಲಮೆಲ್ಲನೆ ತಣಿದು ಗಟ್ಟಿಯಾದುದು. ಲಾವೆಯಂತೆ ನೆಲದ ಮೇಲೆ ಹರಿದುದಲ್ಲ. ಮೇಲಣ ಪದರವು ಸವೆದು ಹೋದ ಬಳಿಕ, ಬಿಸಿಲುಮಳೆಗಳು ಸೀಳುಗಳ ಗುಂಟ ಅದನ್ನು ತಿಂದು, ಅಂಚುಗಳನ್ನು ದುಂಡಗೆ ಮಾಡಿವೆ. ಕಲ್ಲಿನ ಮೇಲೆ ಕಲ್ಲನ್ನು ಯಾರೂ ಪೇರಿಸಿಲ್ಲ. ಇದ್ದಲ್ಲಿಯೇ ಒಡೆದು ಇದ್ದಲ್ಲಿಯೇ ನಿಂತಿವೆ.

ನಿಜವಾದ ಲಾವೆಯೂ ಈ ಸೀಮೆಯಲ್ಲಿಯೇ ಇದೆ. ಹೊಸಪೇಟೆಯಿಂದ ಸಂಡೂರಿಗೆ ತಿರುಗಿದವನಿಗೆ ನೆಲದ ಬಣ್ಣವೇ ಬದಲಾಗುವುದು. ಅಲ್ಲಿ ಸುಮಾರು 270 ಕೋಟಿ ವರ್ಷಗಳ ಹಿಂದಿನ ಲಾವೆಯು ನೀರಿನಡಿಯಲ್ಲಿ ಉಕ್ಕಿ, ತಟ್ಟನೆ ತಣಿದು, ದಿಂಬುಗಳನ್ನು ಒತ್ತೊತ್ತಾಗಿ ಇಟ್ಟಂತಹ ಆಕಾರವನ್ನು ತಾಳಿದೆ. ಅದರ ಒತ್ತಿನಲ್ಲಿಯೇ ಕಬ್ಬಿಣದ ಅದಿರಿನ ಬೆಟ್ಟಗಳು. ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಯು ಬಳ್ಳಾರಿ ಜಿಲ್ಲೆಯ ಶಿಲೆಗಳನ್ನು ಕುರಿತ ಗ್ರಂಥವನ್ನು 1895ರಲ್ಲಿಯೇ ಪ್ರಕಟಿಸಿದನು. ಲಾವೆಯನ್ನು ಹೊಗಳಹೊರಟ ಲೇಖಕರು ಲಾವೆಯಿರುವ ಊರನ್ನು ಬಿಟ್ಟು, ಇಲ್ಲದ ಊರಿನಲ್ಲಿ ಕುಳಿತು ಹೊಗಳುತ್ತಿದ್ದಾರೆ!

ಇವರ ಮುಂದೆ ಆದಿಕವಿಯನ್ನು ಇಟ್ಟು ನೋಡುವುದು ಕ್ರೂರವೆನಿಸಬಹುದು, ಆದರೂ ನೋಡತಕ್ಕದ್ದು. ಕಿಷ್ಕಿಂಧಾಕಾಂಡದ ಇಪ್ಪತ್ತೇಳನೆಯ ಸರ್ಗದಲ್ಲಿ ರಾಮನು ಮಳೆಗಾಲದ ನಾಲ್ಕು ತಿಂಗಳನ್ನು ಕಳೆಯಲು ಪ್ರಸ್ರವಣಗಿರಿಯಲ್ಲಿ ಗುಹೆಯೊಂದನ್ನು ಆರಿಸುತ್ತಾನೆ. ಗುಹೆಯು ವಿಶಾಲವಾಗಿದೆ, ಹಿತವಾದ ಗಾಳಿಯಾಡುತ್ತದೆ. ಬೆಟ್ಟದ ಕಲ್ಲುಗಳು ಬಿಳುಪು, ಕಪ್ಪು, ತಾಮ್ರದ ಬಣ್ಣ. ಬಾಗಿಲಲ್ಲಿ ಕಾಡಿಗೆಯ ರಾಶಿಯಂತೆ ಕಪ್ಪಾದ, ನುಣುಪಾದ, ಸಮತಲವಾದ ಹಾಸುಬಂಡೆ. ತಾವರೆಯ ಕೊಳವು ದೂರವಿಲ್ಲ. ನೆಲವು ಈಶಾನ್ಯಕ್ಕೆ ಇಳಿಜಾರಾಗಿರುವುದರಿಂದ ಜಾಗ ಒಳ್ಳೆಯದು. ಹಿಂಬದಿ ಎತ್ತರವಾಗಿರುವುದರಿಂದ ಬಿರುಗಾಳಿ ತಟ್ಟದು. ‘ಪಶ್ಚಾತ್’ ಎಂಬ ಪದಕ್ಕೆ ಹಿಂದೆ ಎಂದೂ ಪಶ್ಚಿಮಕ್ಕೆ ಎಂದೂ ಅರ್ಥವಾಗುವುದನ್ನು ಸಹೃದಯರು ಗಮನಿಸಬೇಕು: ಮುಂಗಾರಿನ ಗಾಳಿ ಬೀಸುವುದು ಆ ದಿಕ್ಕಿನಿಂದಲೇ ಅಲ್ಲವೆ? ರಾಜ್ಯವನ್ನೂ ಪತ್ನಿಯನ್ನೂ ಕಳೆದುಕೊಂಡವನು ನೀರು ಎತ್ತ ಹರಿದೀತೆಂದು ನೋಡುತ್ತಾನೆ. ಆ ಎಚ್ಚರವನ್ನು ಮೊದಲು ಕಾಣಿಸಿದುದರಿಂದಲೇ ಮುಂದೆ ಬರುವ ಅವನ ಶೋಕವು ನಂಬತಕ್ಕದ್ದಾಗಿದೆ.

ಇಪ್ಪತ್ತೆಂಟನೆಯ ಸರ್ಗದ ವರ್ಷಾವರ್ಣನೆಯು ಬೇರೆ ಜಾತಿಯದು. ಅದು ರಮಣೀಯವಾದರೂ ಅಷ್ಟೊಂದು ಮಳೆಯನ್ನು ಹೊಸಪೇಟೆಯ ಬಯಲುಸೀಮೆಯಲ್ಲಿ ನಿರೀಕ್ಷಿಸುವುದು ಬೇಡ. ಅಲ್ಲಿ ರಸವೇ ಪ್ರಧಾನ, ಇಲ್ಲಿ ವಿವೇಕ.

ಇಂದಿನ ಲೇಖಕರಲ್ಲಿ ವಿವೇಕದ ಭಾಗವೇ ಲೋಪವಾಗಿದೆ. ಬೇಸಗೆಯ ಹಗಲೆಲ್ಲ ಕಾದ ಬಂಡೆಯು ಇರುಳಿನಲ್ಲಿಯೂ ಕಾವನ್ನು ಬಿಡುವುದೆಂದು ಅವರು ಹೇಳರು. 1953ರಲ್ಲಿ ಮುಗಿದ ಅಣೆಕಟ್ಟಿನಿಂದ ನೀರು ಬಿಟ್ಟಾಗ ತುಂಗಭದ್ರೆಯ ನಡುಗಡ್ಡೆಗಳು ಮುಳುಗುವುವೆಂದು ಹೇಳರು. ದರೋಜಿಯಲ್ಲಿ 1994ರಿಂದ ಕರಡಿಧಾಮವಿದೆ. ಕರಡಿಗೆ ಬಂಡೆಯ ಸಂದುಗಳೇ ಮನೆ, ಮುಸ್ಸಂಜೆಯೇ ಸಂಚಾರದ ಹೊತ್ತು. ಸ್ಮಾರಕಗಳ ಆವರಣದಲ್ಲಿಯೂ ಅರಣ್ಯದಲ್ಲಿಯೂ ಅನುಮತಿಯಿಲ್ಲದೆ ಬಿಡಾರ ಹೂಡುವಂತಿಲ್ಲ. ಇವು ಕಾವ್ಯಕ್ಕೆ ಹೊರಗಿನ ಮಾತುಗಳೆಂದು ಯಾರಾದರೂ ಆಕ್ಷೇಪಿಸಿದರೆ, ಇಳಿಜಾರನ್ನು ಅಳೆದ ಕವಿಯೇ ಅದಕ್ಕೆ ಉತ್ತರ.

ರಾಮಲಕ್ಷ್ಮಣರು ಮಳೆಗಾಲ ಕಳೆದ ಸ್ಥಳವೆಂದು ಜನರು ನಂಬುವ ಮಾಲ್ಯವಂತವು ಕಂಪ್ಲಿಯ ದಾರಿಯಲ್ಲಿದೆ. ಮೇಲೆ ರಘುನಾಥನ ಗುಡಿ. ಕವಿಯು ಕಂಡುದು ಈ ಬೆಟ್ಟವನ್ನೇ ಎಂದು ಯಾರೂ ಸಾಧಿಸಬೇಕಾಗಿಲ್ಲ. ಆ ಸರ್ಗವನ್ನು ಓದಿಕೊಂಡು ಹೋದವರು ಇನ್ನೊಂದು ಸಂಗತಿಯನ್ನು ನೆನೆಯಬಹುದು. ಗುಹೆಯ ಸ್ಥಳವನ್ನು ಹೊಗಳುವಾಗಲೇ ರಾಮನು, ಕಿಷ್ಕಿಂಧೆಯು ಇಲ್ಲಿಗೆ ದೂರವಿಲ್ಲ, ಅಲ್ಲಿಯ ಗೀತವಾದ್ಯಗಳ ಧ್ವನಿ ಕೇಳಿಸುತ್ತಿದೆ, ಎನ್ನುತ್ತಾನೆ. ಸುಗ್ರೀವನು ಪತ್ನಿಯನ್ನೂ ರಾಜ್ಯವನ್ನೂ ಮರಳಿ ಪಡೆದು ಸುಖಿಸುತ್ತಿದ್ದಾನೆ. ಕಲ್ಲಿನ ಮರೆಯಲ್ಲಿ ಕುಳಿತವನಿಗೆ ಆ ಸಂಗೀತವು ನಾಲ್ಕು ತಿಂಗಳೂ ಕೇಳಿಸುತ್ತಿದ್ದಿರಬೇಕು.