ವೇಗವೋ ದರವೋ: ಕಿಣ್ವಕ್ರಿಯೆಯ ಕನ್ನಡ ನಿರೂಪಣೆ

ಕನ್ನಡದ ವಿಜ್ಞಾನ ಬರವಣಿಗೆಯನ್ನು ಕುರಿತ ಚರ್ಚೆ ಬಹುಮಟ್ಟಿಗೆ ಪಾರಿಭಾಷಿಕ ಪದಗಳ ಆಯ್ಕೆಯಲ್ಲೇ ಮುಗಿದುಹೋಗುತ್ತದೆ. ಪದ ದೊರೆತ ಮೇಲೂ ಪರಿಕಲ್ಪನೆ ಓದುಗರಿಗೆ ದಕ್ಕದೆ ಉಳಿಯಬಹುದು ಎಂಬುದಕ್ಕೆ ‘ಕಿಣ್ವ’ ಒಳ್ಳೆಯ ನಿದರ್ಶನ.

ಪದದ ಆಯ್ಕೆ ಸಮರ್ಪಕವಾಗಿಯೇ ಇದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಿಣ್ವವೆಂದರೆ ಮದ್ಯ ತಯಾರಿಕೆಯಲ್ಲಿ ಹುದುಗು ಬರಿಸುವ ದ್ರವ್ಯ. ಗ್ರೀಕ್ ಮೂಲದ ‘ಎನ್‌ಜೈಮ್’ ಪದಕ್ಕೂ ‘ಯೀಸ್ಟಿನೊಳಗಿನದು’ ಎಂದೇ ಅರ್ಥ. ತೊಡಕಿರುವುದು ನಿರೂಪಣೆಯಲ್ಲಿ. ಕಿಣ್ವವು ಕ್ರಿಯೆಯ ‘ವೇಗ’ವನ್ನು ಹೆಚ್ಚಿಸುತ್ತದೆ ಎಂದು ಹೇಳಿ, ಎಮಿಲ್ ಫಿಷರ್ 1894ರಲ್ಲಿ ನೀಡಿದ ಬೀಗ-ಕೀಲಿಯ ಹೋಲಿಕೆಯನ್ನು ಸೇರಿಸಿ ನಮ್ಮ ಪಠ್ಯಗದ್ಯ ಸಾಮಾನ್ಯವಾಗಿ ನಿಂತುಬಿಡುತ್ತದೆ. ಯಾವ ಕಿಣ್ವ ಯಾವ ದ್ರವ್ಯಕ್ಕೆ ಹೊಂದುತ್ತದೆ ಎಂಬುದನ್ನು ಆ ಹೋಲಿಕೆ ತಿಳಿಸುತ್ತದೆ. ಎಷ್ಟು ಕಾಲದಲ್ಲಿ ಎಷ್ಟು ದ್ರವ್ಯ ಮಾರ್ಪಡುತ್ತದೆ ಎಂಬುದನ್ನು ತಿಳಿಸುವುದಿಲ್ಲ. ‘ವೇಗ’ವೆಂದೊಡನೆ ಚಲನೆ ಕಣ್ಣಮುಂದೆ ಬರುತ್ತದೆ. ಇಲ್ಲಿ ಅಳೆಯುವುದು ಕಾಲಮಾನಕ್ಕೆ ತಕ್ಕ ಪರಿಮಾಣವನ್ನು. ಅದಕ್ಕೆ ‘ದರ’ವೇ ಒಪ್ಪುವ ಮಾತು.

ಹೊಸಪೇಟೆ-ಕಂಪ್ಲಿ ಸೀಮೆಯ ಕಬ್ಬು ಈ ಕೊರತೆಯನ್ನು ತುಂಬಬಲ್ಲದು. ವಿಜಯನಗರ ಕಾಲದ ಕಾಲುವೆಗಳ ನೀರುಂಡು ಬೆಳೆಯುವ ಈ ಕಬ್ಬಿನಲ್ಲಿ ಇನ್ವರ್ಟೇಸ್ ಎಂಬ ಕಿಣ್ವವಿದೆ. ಕಡಿದ ಕಬ್ಬನ್ನು ಬಿಸಿಲಿನಲ್ಲಿ ಬಿಟ್ಟರೆ ಅದು ಸುಕ್ರೋಸನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳಾಗಿ ಒಡೆಯುತ್ತದೆ. ಸಕ್ಕರೆಯ ಇಳುವರಿ ತಗ್ಗುತ್ತದೆ, ಬೆಲ್ಲ ಗಟ್ಟಿಕಟ್ಟುವುದಿಲ್ಲ. ಲಿಯೊನೋರ್ ಮೈಕೇಲಿಸ್ ಮತ್ತು ಮಾಡ್ ಮೆಂಟೆನ್ 1913ರಲ್ಲಿ ತಮ್ಮ ಪ್ರಸಿದ್ಧ ಸಮೀಕರಣಕ್ಕೆ ಆಧಾರವಾಗಿಸಿಕೊಂಡದ್ದು ಯೀಸ್ಟಿನಿಂದ ಪಡೆದ ಇದೇ ಬಗೆಯ ಕಿಣ್ವವನ್ನು.

ದ್ರವ್ಯದ ಸಾಂದ್ರತೆ ಏರಿದಂತೆ ದರವೂ ಏರುತ್ತದೆ. ಆದರೆ ಕಿಣ್ವದ ಅಣುಗಳೆಲ್ಲ ಕೆಲಸದಲ್ಲಿ ತೊಡಗಿದ ಮೇಲೆ ದರ ಒಂದು ಗರಿಷ್ಠ ಮಿತಿಗೆ ಸಮೀಪಿಸಿ ನಿಲ್ಲುತ್ತದೆ. ದರವು ಗರಿಷ್ಠದ ಅರ್ಧವಾಗುವ ಸಾಂದ್ರತೆಯೇ ಮೈಕೇಲಿಸ್ ಸ್ಥಿರಾಂಕ. ಸುಕ್ರೋಸಿಗೆ ಅವರು ಪಡೆದ ಬೆಲೆ ಲೀಟರಿಗೆ ಸುಮಾರು 0.017 ಮೋಲ್. ಲೀಟರಿಗೆ 150 ಗ್ರಾಂ ಸುಕ್ರೋಸುಳ್ಳ ಕಬ್ಬಿನ ಹಾಲಿನ ಸಾಂದ್ರತೆ ಸುಮಾರು 0.44 ಮೋಲ್, ಅಂದರೆ ಇಪ್ಪತ್ತೈದು ಪಟ್ಟಿಗೂ ಹೆಚ್ಚು. ಕಬ್ಬಿನ ಕಿಣ್ವದ ಸ್ಥಿರಾಂಕ ಬೇರೆಯಾಗಿರಬಹುದಾದರೂ ಈ ಅಂದಾಜು ಒಂದು ದಿಕ್ಕನ್ನು ತೋರುತ್ತದೆ: ಹಾಲು ಇನ್ನಷ್ಟು ಸಿಹಿಯಾದರೂ ನಷ್ಟದ ದರ ಹೆಚ್ಚು ಬದಲಾಗದು, ಅದನ್ನು ನಿರ್ಧರಿಸುವವು ಕಿಣ್ವದ ಪ್ರಮಾಣ, ಉಷ್ಣತೆ ಮತ್ತು ಆಮ್ಲತೆ, ಒಟ್ಟು ನಷ್ಟವನ್ನು ಬೆಳೆಸುವುದು ಕಳೆದ ಕಾಲ. ಆಲೆಮನೆಯವರು ಹಾಲನ್ನು ತಡಮಾಡದೆ ಕೊಪ್ಪರಿಗೆಗೆ ಸುರಿದು ಕುದಿಸುವುದು, ಸುಣ್ಣ ಬೆರೆಸುವುದು ಇದೇ ತಿಳಿವಿನ ಆಚರಣೆ. ಕುದಿತ ಕಿಣ್ವವನ್ನು ಕೆಡಿಸುತ್ತದೆ. ಸುಣ್ಣ ಹಾಲನ್ನು ತಿಳಿಗೊಳಿಸುವುದರೊಡನೆ ಆಮ್ಲತೆಯನ್ನೂ ತಗ್ಗಿಸುತ್ತದೆ.

ಆಲೆಮನೆಯ ಪ್ರಸ್ತಾಪವನ್ನು ಇಲ್ಲಿ ದೇಸಿಯ ಅಲಂಕಾರವೆಂದು ಭಾವಿಸಬೇಕಿಲ್ಲ. ಬೀಗ-ಕೀಲಿ ಉತ್ತರಿಸಲಾಗದ ‘ಎಷ್ಟು, ಎಷ್ಟು ಹೊತ್ತಿನಲ್ಲಿ’ ಎಂಬ ಪ್ರಶ್ನೆಯನ್ನು ಅದು ಓದುಗರ ಕೈಗೆ ಕೊಡುತ್ತದೆ. ಆ ಪ್ರಶ್ನೆಯನ್ನು ಹುಟ್ಟಿಸದ ವಿಜ್ಞಾನಗದ್ಯ ಎಷ್ಟು ಶುದ್ಧ ಪರಿಭಾಷೆಯಲ್ಲಿದ್ದರೂ ಪದಕೋಶದ ವಿಸ್ತರಣೆಯಾಗಿಯೇ ಉಳಿಯುತ್ತದೆ.