ಹೊಡೆದವನೆಲ್ಲಿ?

ನಮ್ಮ ಕಡೆ ಕೇರಿಯ ಹುಡುಗನಿಗೆ ಏಟು ಬಿದ್ದ ಮಾರನೇ ದಿನ ಊರಿನ ದೊಡ್ಡವರು ಹಟ್ಟಿ ಬಾಗಿಲಿಗೆ ಬರುತ್ತಾರೆ. 'ಆದದ್ದು ಆಯ್ತು, ಮರ್ತುಬಿಡ್ರಪ್ಪ. ನಾಳೆನೂ ಮುಖ ಮುಖ ನೋಡ್ಬೇಕಲ್ವಾ' ಅಂತಾರೆ. ಹೊಡೆದವನು ಮಾತ್ರ ಬಂದಿರುವುದಿಲ್ಲ. ಈ ರಾಜಿ ಮಾತು ನಮ್ಮೂರಿನದೇ ಅಂದುಕೊಂಡಿದ್ದೆ. 1985ರ ಸೆಪ್ಟೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಕ್ರೈಸ್ತರು ಹೊರತಂದ 'ಕೈರೋಸ್ ದಾಖಲೆ' ಓದಿದ ಮೇಲೆ ಆ ಭ್ರಮೆ ಹೋಯಿತು.

ಆ ವರ್ಷದ ಜುಲೈನಲ್ಲಿ ಬಿಳಿಯರ ಸರ್ಕಾರ ತುರ್ತುಸ್ಥಿತಿ ಹೇರಿತ್ತು. ಕರಿಯರ ಬಡಾವಣೆಗಳಿಗೆ ಸೈನ್ಯ ನುಗ್ಗಿತ್ತು. ಆಗ ಒಂದಷ್ಟು ಪಾದ್ರಿಗಳು, ಭಕ್ತರು ಕೂಡಿ ಚರ್ಚಿಸಿ ಬರೆದ ದಾಖಲೆ ಇದು. 150ಕ್ಕೂ ಹೆಚ್ಚು ಜನ ಸಹಿ ಹಾಕಿದರು. ಕೈರೋಸ್ ಅಂದರೆ ಗ್ರೀಕ್ ಭಾಷೆಯಲ್ಲಿ ಕೈಬಿಡಬಾರದ ಗಳಿಗೆ.

ಆ ಗಳಿಗೆಯ ಹಿಂದೆ ಹಳೆಯ ಪಾಪವಿದೆ. 1857ರಲ್ಲಿ ಅಲ್ಲಿನ ಡಚ್ ರಿಫಾರ್ಮ್ಡ್ ಚರ್ಚಿನ ಮಹಾಸಭೆ, ಕೆಲವರ ದೌರ್ಬಲ್ಯದ ಕಾರಣ ಕೊಟ್ಟು, ಬಿಳಿಯರಲ್ಲದವರ ಆರಾಧನೆ ಬೇರೆಯಾಗಿ ನಡೆಯಬಹುದೆಂದು ಒಪ್ಪಿತು. ದೌರ್ಬಲ್ಯ ಯಾರದು? ಒಂದೇ ಪಂಕ್ತಿಯಲ್ಲಿ ಪ್ರಭುಭೋಜನಕ್ಕೆ ಕೂರಲಾರದ ಬಿಳಿಯರದು. ಹೊರಗೆ ನಿಂತವರು ಯಾರು? ಕರಿಯರು. 1881ರಲ್ಲಿ ಮಿಶ್ರವರ್ಣೀಯರಿಗೆ ಬೇರೆ ಚರ್ಚನ್ನೇ ಮಾಡಿದರು. ಹೋಟೆಲಿನ ಬೇರೆ ಲೋಟ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದಾಖಲೆ ಮೂರು ದೇವಶಾಸ್ತ್ರಗಳನ್ನು ಗುರುತಿಸುತ್ತದೆ. ಒಂದು ಪ್ರಭುತ್ವದ್ದು: ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ತೋರಿಸಿ, ಆಳುವವರಿಗೆ ತಲೆಬಾಗು ಅನ್ನುವುದು. ಇನ್ನೊಂದು ಚರ್ಚಿನದು. ಮತ್ತೊಂದು ಪ್ರವಾದಿಯದು, ಅಂದರೆ ತುಳಿಸಿಕೊಂಡವರ ಪಕ್ಷದ್ದು. ಇದರ ಕಸುವು ಇರುವುದು ಎರಡನೆಯದರ ವಿಮರ್ಶೆಯಲ್ಲಿ. ಯಾಕೆಂದರೆ ಇಲ್ಲಿ ಏಟು ಬೀಳುವುದು ದುಷ್ಟರಿಗಲ್ಲ, ಒಳ್ಳೆಯವರಿಗೆ. ವರ್ಣಭೇದ ತಪ್ಪು ಅನ್ನುತ್ತಲೇ ಸಮಾಧಾನ, ಅಹಿಂಸೆ ಅಂತ ಉಪದೇಶಿಸುತ್ತಿದ್ದ ಚರ್ಚುಗಳಿಗೆ.

ಎಲ್ಲ ಜಗಳವೂ ತಪ್ಪು ತಿಳುವಳಿಕೆಯಿಂದ ಹುಟ್ಟಿದ್ದಲ್ಲ ಅನ್ನುತ್ತದೆ ದಾಖಲೆ. ಒಬ್ಬ ತುಳಿಯುವವ, ಇನ್ನೊಬ್ಬ ಕಾಲಡಿ ಇರುವವ ಆದಾಗ ನಡುವೆ ನಿಲ್ಲುವುದಕ್ಕೆ ಜಾಗವಿಲ್ಲ. ಪಶ್ಚಾತ್ತಾಪವಿಲ್ಲದೆ, ನ್ಯಾಯವಿಲ್ಲದೆ ಮಾಡುವ ರಾಜಿ ಪುಣ್ಯವಲ್ಲ, ಪಾಪ. ಸರ್ಕಾರದ ಗುಂಡು ಕಾನೂನಾಗಿ, ಹುಡುಗರ ಕಲ್ಲು ಮಾತ್ರ ಹಿಂಸೆಯಾಗುವ ಭಾಷೆಯ ಮೋಸವನ್ನೂ ಅದು ಬಯಲಿಗೆಳೆಯುತ್ತದೆ. ನೀತಿಯನ್ನು ಮೇಲಿನಿಂದ ನೋಡುವುದಕ್ಕೂ ಕೆಳಗಿನಿಂದ ನೋಡುವುದಕ್ಕೂ ಇರುವ ಅಂತರ ಇದೇ.

ಮೆಚ್ಚಿಕೊಂಡ ಮೇಲೂ ನನಗೆ ತಕರಾರಿದೆ. ತುಳಿಸಿಕೊಂಡವರೊಳಗೇ ಇನ್ನೂ ಕೆಳಗಿರುವ ಹೆಂಗಸಿಗೆ ಇಲ್ಲಿ ಬೇರೆ ಜಾಗವಿಲ್ಲ. ಎರಡನೆಯದು, ನ್ಯಾಯವೆಂದರೆ ಎಷ್ಟು ನೆಲ, ಯಾರ ನೆಲ ಅನ್ನುವ ಲೆಕ್ಕಕ್ಕೆ ದಾಖಲೆ ಇಳಿಯಲಿಲ್ಲ. ಆ ಲೆಕ್ಕ ಆಮೇಲೆ ತಪ್ಪಿತು. 1994ರಲ್ಲಿ ಕರಿಯರಿಗೆ ಓಟು ಬಂತು. ಆರ್ಚ್‌ಬಿಷಪ್ ಟುಟು ಅಧ್ಯಕ್ಷತೆಯ ಸತ್ಯ ಮತ್ತು ಸಮಾಧಾನ ಆಯೋಗದ ಮುಂದೆ ನೊಂದವರು ಅತ್ತರು. ಆರು ವರ್ಷ ಪರಿಹಾರ ಕೊಡಿ ಎಂದಿತ್ತು ಆಯೋಗ. 2003ರಲ್ಲಿ ಸರ್ಕಾರ ಒಂದೇ ಸಲಕ್ಕೆ 30,000 ರಾಂಡ್ ಘೋಷಿಸಿ ಕೈತೊಳೆದುಕೊಂಡಿತು. 2017ರ ಭೂ ಲೆಕ್ಕದ ಪ್ರಕಾರ, ವ್ಯಕ್ತಿಗಳ ಹೆಸರಿನಲ್ಲಿದ್ದ ಕೃಷಿಭೂಮಿಯಲ್ಲಿ ಶೇಕಡ 72 ಬಿಳಿಯರದು. ಕ್ಷಮೆ ಕೊಟ್ಟವರ ಕೈ ಖಾಲಿ, ಪಡೆದವರ ಕೈಯಲ್ಲಿ ನೆಲ.

ಇದು ದೂರದ ಕತೆಯಲ್ಲ, ಗೆಳೆಯರೇ. ಕೈರೋಸ್‌ಗಿಂತ ನಾಲ್ಕು ವರ್ಷ ಮೊದಲು, 1981ರಲ್ಲಿ, ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೇವಶಾಸ್ತ್ರದ ಮಾತೆತ್ತಿದ್ದರು. ನಮ್ಮ ಬಂಡಾಯ ಸಂಘಟನೆ ಹುಟ್ಟಿ ಆಗ ಎರಡೇ ವರ್ಷ. ಚರ್ಚಿನಲ್ಲಿ ತುಂಬಿರುವವರು ದಲಿತರು, ಅದರ ಪಂಡಿತರ ತಲೆಯಲ್ಲಿ ಮಾತ್ರ ಬ್ರಾಹ್ಮಣರ ವೇದಾಂತ ಎಂಬುದು ಅವರ ಆಕ್ಷೇಪ. ದಲಿತ ದೇವಶಾಸ್ತ್ರ ಬೆಳೆದದ್ದು ಅಲ್ಲಿಂದ. ತಿರುಚಿರಾಪಳ್ಳಿಯ ಕ್ಯಾಥೊಲಿಕ್ ಸ್ಮಶಾನದಲ್ಲಿ ದಲಿತರ ಗುಂಡಿಗೂ ಉಳಿದವರ ಗುಂಡಿಗೂ ನಡುವೆ ಗೋಡೆ ಕಟ್ಟಿದ್ದನ್ನು ನೆನೆದರೆ ಆ ಮಾತಿನ ತೂಕ ಗೊತ್ತಾಗುತ್ತದೆ. ಸತ್ತ ಮೇಲೂ ರಾಜಿಯಾಗದವರು ಬದುಕಿರುವವರಿಗೆ ರಾಜಿ ಬೋಧಿಸುತ್ತಾರೆ!

ಏಸುವನ್ನು ನಂಬದವರೂ ಈ ದಾಖಲೆ ಓದಬೇಕು. ನಾಳೆ ಹಟ್ಟಿ ಬಾಗಿಲಿಗೆ ದೊಡ್ಡವರು ಬರುತ್ತಾರೆ. ನೀರು ಕೊಡೋಣ, ಚಾಪೆ ಹಾಸೋಣ. ಆಮೇಲೆ ಕೇಳೋಣ: ಹೊಡೆದವನೆಲ್ಲಿ?