ಇಡೀ ಬುಡ ಕೀಳಬೇಕೇ, ಒಂದು ಗಿಡ ಕಡಿದರೆ ಸಾಕೇ?

ರೋಗ ಕಂಡ ಗಿಡವನ್ನು ಬುಡಸಮೇತ ಕಿತ್ತುಹಾಕಬೇಕು ಎಂಬುದು ಸಸ್ಯರೋಗ ಹತೋಟಿಯ ಹಳೆಯ ಸೂತ್ರ. ಅದನ್ನು ಪಾಲಿಸುವವರ ಶ್ರಮವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಏನಾಗುತ್ತದೆ? ಪೂರ್ವ ಆಫ್ರಿಕದ ಬಾಳೆಯನ್ನು ಕಾಡುತ್ತಿರುವ ಕ್ಸಾಂಥೊಮೊನಾಸ್ ಸೊರಗು ರೋಗ ಇದಕ್ಕೊಂದು ನಿದರ್ಶನ.

1968ರಲ್ಲಿ ಇಥಿಯೋಪಿಯದಲ್ಲಿ, ಬಾಳೆಯ ಹತ್ತಿರದ ಬಂಧುವಾದ ಎನ್ಸೆಟ್ ಬೆಳೆಯಲ್ಲಿ ವರದಿಯಾದ ಈ ರೋಗ 2001ರಲ್ಲಿ ಉಗಾಂಡದ ಬಾಳೆತೋಟಗಳಲ್ಲಿ ಪತ್ತೆಯಾಯಿತು. ಎಲೆ ಹಳದಿಯಾಗಿ ಬಾಡುತ್ತದೆ, ಕಾಯಿ ಅಕಾಲದಲ್ಲಿ ಹಣ್ಣಾಗಿ ಒಳಗೇ ಕೊಳೆಯುತ್ತದೆ. ಹೂವಿಗೆ ಬರುವ ಕೀಟಗಳೂ ರೈತನ ಕತ್ತಿಯೂ ಬ್ಯಾಕ್ಟೀರಿಯವನ್ನು ಹರಡುತ್ತವೆ. ಗುಣಪಡಿಸುವ ಔಷಧವಿಲ್ಲ.

ತಜ್ಞರ ಸಲಹೆಗಳು ಮುಖ್ಯವಾಗಿ ಮೂರು. ಗೊನೆಯ ತುದಿಯ ಮೂತಿಯನ್ನು ಕವಲುಕೋಲಿನಿಂದ ಮುರಿಯುವುದು. ಕತ್ತಿಯನ್ನು ಬೆಂಕಿಯಲ್ಲಿ ಕಾಯಿಸಿ ಅಥವಾ ಬ್ಲೀಚಿಂಗ್ ದ್ರಾವಣದಲ್ಲಿ ಅದ್ದಿ ಶುದ್ಧಗೊಳಿಸುವುದು. ರೋಗ ತಗಲಿದ ಬುಡವನ್ನು ಗಡ್ಡೆ, ಕಂದುಗಳ ಸಮೇತ ಅಗೆದು ತೆಗೆಯುವುದು. ಮೊದಲನೆಯದಕ್ಕೆ ಖರ್ಚೇ ಇಲ್ಲ. ಮೂರನೆಯದು ಮೈಮುರಿಯುವ ಕೆಲಸ. ಅದರೊಡನೆ ಬಾಳೆಯನ್ನೇ ನಿತ್ಯದ ಊಟವಾಗಿಸಿಕೊಂಡ ಮನೆಯ ಅನ್ನವೂ ಹೋಗುತ್ತದೆ. ಹಲವು ಸಣ್ಣ ರೈತರು ಅದನ್ನು ಪಾಲಿಸಲಿಲ್ಲ. ಇದನ್ನು ರೈತರ ಅಜ್ಞಾನ ಎನ್ನುವುದು ಸುಲಭ. ನನ್ನ ದೃಷ್ಟಿಯಲ್ಲಿ ದೋಷವಿದ್ದದ್ದು ಸಲಹೆಯಲ್ಲಿ.

ಒಂದು ಗಿಡಕ್ಕೆ ತಗಲಿದ ರೋಗ ಗಡ್ಡೆಯ ಮೂಲಕ ಎಲ್ಲ ಕಂದುಗಳಿಗೂ ಹಬ್ಬುತ್ತದೆ ಎಂಬುದು ಆ ಸಲಹೆಯ ಆಧಾರ. ಮುಂದಿನ ಅಧ್ಯಯನಗಳು ಇದನ್ನು ಪೂರ್ತಿ ಸಮರ್ಥಿಸಲಿಲ್ಲ: ಅದೇ ಬುಡದ ಹಲವು ಕಂದುಗಳು ಆರೋಗ್ಯವಾಗಿಯೇ ಉಳಿಯುತ್ತವೆ. ಹೀಗೆ ರೂಪುಗೊಂಡದ್ದು, ರೋಗ ಕಂಡ ಗಿಡವನ್ನಷ್ಟೇ ನೆಲಮಟ್ಟಕ್ಕೆ ಕಡಿಯುವ ವಿಧಾನ. ಪೂರ್ವ ಕಾಂಗೋದ ತೋಟಗಳಲ್ಲಿ ಇದನ್ನು ಬಿಡದೆ ಅನುಸರಿಸಿದಾಗ ಕೆಲವೇ ತಿಂಗಳಲ್ಲಿ ರೋಗ ಬಹಳ ತಗ್ಗಿತು.

ಇದರ ತರ್ಕ ಭೌತವಿಜ್ಞಾನದ ವಿದ್ಯಾರ್ಥಿಗೆ ಹೊಸದಲ್ಲ. ತೊಟ್ಟಿ ಬರಿದಾಗಲು ನಲ್ಲಿಯನ್ನು ಪೂರ್ತಿ ನಿಲ್ಲಿಸಬೇಕಿಲ್ಲ. ಹೊರಹರಿವು ಒಳಹರಿವಿಗಿಂತ ಹೆಚ್ಚಿದ್ದರೆ ಸಾಕು. ಕಡಿಯುವ ವೇಗ ಹೊಸದಾಗಿ ಸೋಂಕು ತಗಲುವ ವೇಗವನ್ನು ಮೀರಿದರೆ ರೋಗ ಇಳಿಯುತ್ತದೆ. ನೂರಕ್ಕೆ ನೂರರ ಸಲಹೆಯನ್ನು ಕೆಲವರಷ್ಟೇ ಪಾಲಿಸುವುದಕ್ಕಿಂತ, ಸಾಧಾರಣ ಸಲಹೆಯನ್ನು ಊರೆಲ್ಲ ಪಾಲಿಸುವುದು ಮೇಲು.

ಹೊಸ ವಿಧಾನಕ್ಕೂ ಮಿತಿಗಳಿವೆ. ಲಕ್ಷಣ ತೋರದ ಗಿಡದಲ್ಲೂ ಸೋಂಕು ಅಡಗಿರಬಹುದು. ಆದ್ದರಿಂದ ತೋಟವನ್ನು ಆಗಾಗ್ಗೆ ನೋಡುತ್ತಿರಬೇಕು, ಕತ್ತಿಯನ್ನು ಶುದ್ಧವಾಗಿಡಬೇಕು, ನೆರೆಯವರೂ ಜೊತೆಗೂಡಬೇಕು. ನಮ್ಮ ಕೊಡಗಿನ ಬಾಳೆಯನ್ನೂ ಕಾಡಿದ ಬಂಚಿ ಟಾಪ್ ವೈರಸ್ ರೋಗಕ್ಕೆ ಇದು ಸಲ್ಲದು. ಅಲ್ಲಿ ಇಡೀ ಬುಡವನ್ನೇ ನಾಶಮಾಡಬೇಕು. ರೋಗಾಣು ಗಿಡದೊಳಗೆ ಹೇಗೆ ಚಲಿಸುತ್ತದೆ ಎಂದು ತಿಳಿಯದೆ ಉಪಾಯ ಹೇಳಬಾರದು. ರೈತ ಒಂದು ಸಲಹೆಯನ್ನು ಕೈಬಿಟ್ಟರೆ ಅದಕ್ಕೆ ಕಾರಣವನ್ನು ಹುಡುಕುವುದೂ ಸಂಶೋಧನೆಯೇ.